ಅನ್ನ ಮಾರುವುದು ಪಾಪವೇ?

‘ಅನ್ನ ಮಾರಬಾರದು, ವಿದ್ಯೆ ಮಾರಬಾರದು’ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹಾಗೆ ಹೇಳುವ ಅಜ್ಜಿಯರು ನಮ್ಮ ಕಣೇಕಲ್ಲಿನಲ್ಲಿ ಮಾತ್ರವಲ್ಲ, ನಿಮ್ಮ ಕುಂಬಳೆ, ಮಂಜೇಶ್ವರದ ಕಡೆಯಲ್ಲೂ ಇದ್ದಿರಲೇಬೇಕು. ಅಜ್ಜಿ ಬದುಕಿರುವವರೆಗೆ ಒಂದು ಸಲವೂ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ. ಬಳ್ಳಾರಿಗೆ ಆಸ್ಪತ್ರೆಗೆಂದು ಹೋದರೂ ರೊಟ್ಟಿ, ಚಟ್ನಿಪುಡಿಯ ಗಂಟು ಅವಳ ಜೊತೆಗೇ ಹೋಗುತ್ತಿತ್ತು. ಯಾವುದಾದರೂ ಮರದ ಕೆಳಗೆ ಕುಳಿತು ಗಂಟು ಬಿಚ್ಚಿ, ಹತ್ತಿರ ಸುಳಿದ ನಾಯಿಗೆ ಒಂದು ಚೂರು ಹಾಕಿ ತಾನು ತಿನ್ನುತ್ತಿದ್ದಳು. ‘ದುಡ್ಡು ತಗೊಂಡು ಅನ್ನ ಹಾಕೋರ ಕಣ್ಣು ದುಡ್ಡಿನ ಮ್ಯಾಲೆ ಇರ್ತೈತೆ, ಹೊಟ್ಟೆ ಮ್ಯಾಲಲ್ಲ’ ಎಂಬುದು ಅವಳ ವಾದ.

ಅವಳ ಮೊಮ್ಮಗನಾದ ನಾನು ಈ ಎರಡು ಪಾಪಗಳಲ್ಲೂ ಪಾಲು ಪಡೆದವನು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಶಾಲೆಯಲ್ಲಿ ವಿದ್ಯೆ ಮಾರಿ ಸಂಬಳ ಎಣಿಸಿಕೊಂಡೆ. ರಜೆ ಸಿಕ್ಕಾಗಲೆಲ್ಲ ಊರೂರು ಸುತ್ತಿ, ಮಾರಿದ ಅನ್ನವನ್ನು ಸಂತೋಷದಿಂದ ಕೊಂಡು ತಿಂದೆ. ಹೀಗಾಗಿ ನೆಂಟರಿಷ್ಟರಲ್ಲಿ ನನಗೊಂದು ಹೆಸರು ಬಂದುಬಿಟ್ಟಿದೆ. ಯಾರಾದರೂ ಬೆಂಗಳೂರಿಗೋ ಮುಂಬಯಿಗೋ ಹೊರಟರೆ ‘ಅಲ್ಲಿ ಯಾವ ಹೋಟೆಲು ಚೆನ್ನಾಗಿದೆ?’ ಎಂದು ನನ್ನನ್ನು ಕೇಳುತ್ತಾರೆ. ಈಗಿನ ಹುಡುಗರು ಫೋನಿನಲ್ಲೇ ಎಲ್ಲ ನೋಡಿಕೊಳ್ಳುವವರಾದರೂ ಹಿರಿಯನಿಗೆ ಮರ್ಯಾದೆ ತೋರಿಸಲೆಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಆದರೆ ‘ಚೆನ್ನಾಗಿದೆ’ ಎಂದರೆ ಏನು ಎಂಬುದನ್ನು ನನಗೆ ನಾನೇ ಕೇಳಿಕೊಳ್ಳಲು ಬಹಳ ವರ್ಷ ಹಿಡಿಯಿತು. ಆ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ದೊಡ್ಡ ಊರಿನ ಹೋಟೆಲಿನಲ್ಲಲ್ಲ. ನಮ್ಮೂರಿನ ಒಂದು ತಗಡಿನ ಚಪ್ಪರದ ಮುಂದೆ.

ನಮ್ಮ ಊರಿನ ಪರಿಚಯವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕಣೇಕಲ್ಲು ರಾಯದುರ್ಗದ ಸೀಮೆಗೆ ಸೇರಿದ್ದು. ದೊಡ್ಡ ಕೆರೆ, ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ, ಆಚೆಗೆ ವೇದಾವತಿ ಹಗರಿಯ ಮರಳು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು, ಆದವಾನಿ, ಆಲೂರುಗಳ ಜೊತೆಯಲ್ಲಿ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿತು. ಉಳಿದ ಬಳ್ಳಾರಿ ಮೈಸೂರಿಗೆ ಹೋಯಿತು. ಮೂರು ವರ್ಷಗಳ ನಂತರ, 1956ರ ನವೆಂಬರ್ 1ರಂದು, ನಿಮ್ಮ ಕಾಸರಗೋಡಿಗೆ ಆದದ್ದೇ ನಮಗೂ ಆಗಿತ್ತು ಎನ್ನಬಹುದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಹೋಟೆಲಿನಲ್ಲಿ ಎರಡೂ. ನಾವು ವಗ್ಗಾಣಿ ಎಂದರೆ ಪಕ್ಕದ ಬೆಂಚಿನವನು ಉಗ್ಗಾನಿ ಎನ್ನುತ್ತಾನೆ. ಇಬ್ಬರ ತಟ್ಟೆಗೂ ಅದೇ ಒಗ್ಗರಣೆಯ ಮಂಡಕ್ಕಿ, ಅದೇ ಮೆಣಸಿನಕಾಯಿ ಬಜ್ಜಿ ಬಂದು ಬೀಳುತ್ತದೆ. ಯಾರ ಭಾಷೆ ದೊಡ್ಡದು ಎಂಬ ಜಗಳ ಆ ಬೆಂಚಿನ ಮೇಲೆ ಎಂದೂ ನಡೆದದ್ದನ್ನು ನಾನು ಕಂಡಿಲ್ಲ.

ಆದರೆ ಆ ಬೆಂಚಿನ ಮೇಲೆ ಕೂರಲಾಗದವರು ಇದ್ದರು.

1964ರ ಸುಮಾರು. ನಾನೂ ನನ್ನ ಗೆಳೆಯನೊಬ್ಬನೂ ಒಂದೇ ತರಗತಿಯವರು. ಅವನು ಕೇರಿಯವನು, ನಾನು ಊರೊಳಗಿನವನು. ಶಾಲೆಯ ಓಟದ ಪಂದ್ಯದಲ್ಲಿ ಅವನು ಮೊದಲು ಬಂದ, ನಾನು ಎರಡನೆಯವನು. ಬಹುಮಾನವಾಗಿ ಬಂದ ಚಿಲ್ಲರೆಯನ್ನು ಜೇಬಿಗೆ ಹಾಕಿಕೊಂಡು ಟೀ ಕುಡಿಯೋಣವೆಂದು ಇಬ್ಬರೂ ಹೋದೆವು. ಹೋಟೆಲಿನವನು ನಮ್ಮಿಬ್ಬರನ್ನೂ ಬಲ್ಲವನು. ‘ಲೇ, ನೀನು ಒಳಗ ಬಾ. ಅವನು ಅಲ್ಲೇ ಇರ್ತಾನ’ ಎಂದ. ಗೆಳೆಯ ಆಗಲೇ ಚಪ್ಪರದ ಆಚೆಗೆ ಸರಿದು ನಿಂತಿದ್ದ. ಹೊರಗಿನ ಗೂಟಕ್ಕೆ ನೇತುಹಾಕಿದ್ದ ಸೊಟ್ಟಗಾದ ಅಲ್ಯುಮಿನಿಯಂ ಲೋಟವನ್ನು ತಾನೇ ತೆಗೆದುಕೊಂಡು, ತಾನೇ ತೊಳೆದು, ನೆಲದ ಮೇಲಿಟ್ಟ. ಹೋಟೆಲಿನವನು ಎತ್ತರದಿಂದ ಟೀ ಸುರಿದ. ನಾನು ಒಳಗೆ ಬೆಂಚಿನ ಮೇಲೆ ಕುಳಿತು ಗಾಜಿನ ಲೋಟದಲ್ಲಿ ಕುಡಿದೆ. ಕುಡಿದಾದ ಮೇಲೆ ಅವನು ಲೋಟವನ್ನು ಮತ್ತೆ ತೊಳೆದು ಗೂಟಕ್ಕೆ ಹಾಕಿದ. ದುಡ್ಡನ್ನು ಕಟ್ಟೆಯ ಮೇಲಿಟ್ಟ. ಇಬ್ಬರ ಟೀಗೂ ದರ ಒಂದೇ. ಅವನ ಕಾಸೂ ನನ್ನ ಕಾಸೂ ಒಂದೇ ಗಲ್ಲಾಪೆಟ್ಟಿಗೆಗೆ ಬಿದ್ದವು.

ಹೋಟೆಲಿನವನನ್ನು ನಾನು ಇಲ್ಲಿ ಆರೋಪಿಸಲು ಹೊರಟಿಲ್ಲ. ಆ ದಿನ ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ ಎಂಬುದಷ್ಟೇ ನನ್ನ ವಿಷಯ. ಓಟದಲ್ಲಿ ಸೋತದ್ದಕ್ಕೆ ಬೆಳಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗಿತ್ತು. ಒಳಗಿನ ಬೆಂಚಿನ ಮೇಲೆ ಕುಳಿತಾಗ ಅದು ಕೊಂಚ ಕಡಿಮೆಯಾಯಿತು. ಇದನ್ನು ಬರೆಯಲು ನನಗೆ ಅರವತ್ತು ವರ್ಷ ಬೇಕಾಯಿತು.

ಆಗ ದೇಶದಲ್ಲಿ ಕಾನೂನು ಇರಲಿಲ್ಲವೇ? ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿಯ ಕಾರಣದಿಂದ ಯಾರಿಗೂ ಅಲ್ಲಿ ಪ್ರವೇಶ ತಪ್ಪಿಸಬಾರದು ಎಂದು ಹೇಳುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಹೋಟೆಲಿನಲ್ಲಿ ಸಾರ್ವಜನಿಕರ ಉಪಯೋಗಕ್ಕೆ ಇಟ್ಟ ಪಾತ್ರೆಗಳನ್ನು ಬಳಸದಂತೆ ತಡೆಯುವುದೂ ಅಪರಾಧ ಎಂದಿತು. ನಾನು ಮೇಷ್ಟರಾದ ಮೇಲೆ ಒಮ್ಮೆ ಇದನ್ನು ಓದಿದಾಗ ಬೆರಗಾದೆ. ದೆಹಲಿಯಲ್ಲಿ ಕುಳಿತು ಕಾಯಿದೆ ಬರೆದವರಿಗೆ ಗೂಟಕ್ಕೆ ತೂಗುತ್ತಿದ್ದ ಆ ಲೋಟ ಕಂಡಿತ್ತು. ಅದರ ಮುಂದೆ ಕುಳಿತು ಟೀ ಕುಡಿದ ನನಗೆ ಕಂಡಿರಲಿಲ್ಲ.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ಮಾರಿದ ಅನ್ನದಲ್ಲಿ ಪ್ರೀತಿ ಇಲ್ಲ, ಆದ್ದರಿಂದ ಕೊಟ್ಟ ಅನ್ನವೇ ಶ್ರೇಷ್ಠ ಎಂಬುದು ಅವಳ ಮಾತಿನ ತಿರುಳು. ಕೇಳಲು ಬಹಳ ಚೆನ್ನಾಗಿದೆ. ಆದರೆ ನಮ್ಮೂರಲ್ಲಿ ಕೊಟ್ಟ ಅನ್ನ ಹೇಗಿತ್ತು? ಜಾತ್ರೆಯ ಊಟಕ್ಕೆ ಪಂಕ್ತಿಗಳಿದ್ದವು. ಮೊದಲನೆಯದು ಯಾರದು, ಎರಡನೆಯದು ಯಾರದು ಎಂಬುದು ಮಕ್ಕಳಿಗೂ ಗೊತ್ತಿತ್ತು. ಗೆಳೆಯನ ಮನೆಯವರು ಎಲ್ಲರ ಊಟ ಮುಗಿದ ಮೇಲೆ ಪಾತ್ರೆ ತಂದು ಹಿತ್ತಲ ಕಡೆ ನಿಲ್ಲುತ್ತಿದ್ದರು. ಅಲ್ಲಿ ದುಡ್ಡಿನ ಮಾತೇ ಇರಲಿಲ್ಲ. ಆದರೂ ಅನ್ನದ ಸೌಟು ಕೆಳಗಿಳಿಯುವ ಮುಂಚೆ ‘ನೀನು ಯಾರು?’ ಎಂದು ಕೇಳಿಯೇ ಇಳಿಯುತ್ತಿತ್ತು. ಮಾರಿದ ಅನ್ನಕ್ಕೆ ಬೆಲೆ ಒಂದೇ. ಕೊಟ್ಟ ಅನ್ನಕ್ಕೆ ಎರಡು. ಪುಣ್ಯ ಕೊಟ್ಟವನಿಗೆ ಹೋಗುತ್ತಿತ್ತು, ಋಣ ತಿಂದವನ ತಲೆಯ ಮೇಲೆ ಕೂರುತ್ತಿತ್ತು.

ಬೇರೆ ರೀತಿಯ ಕೊಡುವಿಕೆಯೂ ನಮ್ಮ ನಾಡಿನಲ್ಲಿ ಇತ್ತೆಂಬುದನ್ನು ನಾನು ಮರೆತಿಲ್ಲ. ಹನ್ನೆರಡನೆಯ ಶತಮಾನದ ಶರಣರು ದಾನ ಎಂಬ ಮಾತಿನ ಜಾಗದಲ್ಲಿ ದಾಸೋಹ ಎಂಬ ಮಾತನ್ನು ಇಟ್ಟರು. ನೀಡುವವನೇ ದಾಸ ಎಂಬುದು ಅದರ ಅರ್ಥ. ನಿಮ್ಮ ಕೇರಳದಲ್ಲಿ 1917ರಲ್ಲಿ ಚೆರಾಯಿ ಎಂಬ ಊರಿನಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ನಡೆಸಿ, ಈಳವರನ್ನೂ ಪುಲಯರನ್ನೂ ಒಟ್ಟಿಗೆ ಕೂರಿಸಿ ಉಣ್ಣಿಸಿದರು. ಅದಕ್ಕಾಗಿ ಸ್ವಂತ ಜಾತಿಯವರೇ ಅವರನ್ನು ‘ಪುಲಯನ್ ಅಯ್ಯಪ್ಪನ್’ ಎಂದು ಹಂಗಿಸಿದರು. ಅವರು ಆ ಹೆಸರನ್ನು ಹೆಮ್ಮೆಯಿಂದಲೇ ಹೊತ್ತರು. ಒಂದು ತುತ್ತನ್ನು ಜೊತೆಯಲ್ಲಿ ತಿನ್ನುವುದಕ್ಕೆ ಇಷ್ಟು ಬೆಲೆ ತೆರಬೇಕಾದ ನಾಡು ನಮ್ಮದು. ಹೀಗಿರುವಾಗ ಹೋಟೆಲು ಎಂಬ ಹೊಸ ಸಂಸ್ಥೆ, ಒಂದು ಕಾಫಿಯ ಬೆಲೆಗೆ, ಇದನ್ನೇ ದಿನವೂ ಮಾಡಿಸಿತೇ? ಮಾಡಿಸಿತು, ಆದರೆ ನೇರವಾದ ದಾರಿಯಲ್ಲಲ್ಲ.

ಬೆಂಗಳೂರಿಗೆ ಹೋದವರಿಗೆ ನಾನು ಮೊದಲು ಹೇಳುವ ಹೆಸರು ಲಾಲ್‌ಬಾಗಿನ ಹತ್ತಿರದ ಮಾವಳ್ಳಿ ಟಿಫಿನ್ ರೂಮ್, ಎಂದರೆ ಎಂ.ಟಿ.ಆರ್. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬಂದ ಯಜ್ಞನಾರಾಯಣ ಮಯ್ಯರೂ ಅವರ ಸಹೋದರರೂ 1924ರಲ್ಲಿ ಅದನ್ನು ಆರಂಭಿಸಿದರು. ಆಗ ಅದರ ಹೆಸರು ಬ್ರಾಹ್ಮಣ ಕಾಫಿ ಕ್ಲಬ್. ಆ ಕಾಲದಲ್ಲಿ ಇಂಥ ಹೆಸರಿನ ಹೋಟೆಲುಗಳು ದಕ್ಷಿಣದ ಊರುಗಳಲ್ಲೆಲ್ಲ ಇದ್ದವು. ಆ ಹೆಸರಿಗೆ ಎರಡು ಮುಖ. ಅಡಿಗೆ ಮಾಡುವವರು ಬ್ರಾಹ್ಮಣರು, ಆದ್ದರಿಂದ ಯಾವ ಜಾತಿಯವರು ಬಂದು ಉಂಡರೂ ಅವರ ಜಾತಿ ಕೆಡುವುದಿಲ್ಲ ಎಂಬ ಭರವಸೆ ಒಂದು ಕಡೆ. ಮನೆಯಿಂದಾಚೆ ನೀರನ್ನೂ ಮುಟ್ಟದ ಜನರನ್ನು ಹೋಟೆಲಿಗೆ ಎಳೆದು ತಂದದ್ದು ಈ ಭರವಸೆಯೇ. ಇನ್ನೊಂದು ಕಡೆ, ಅದೇ ಹೆಸರು ಕೆಲವರಿಗೆ ‘ಇದು ನಿನ್ನದಲ್ಲ’ ಎಂದು ಹೇಳುತ್ತಿತ್ತು. ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗೆ ಬೇರೆ ಕೋಣೆಯೇ ಇರುತ್ತಿತ್ತು. 1957ರಲ್ಲಿ ಪೆರಿಯಾರರ ಕಡೆಯವರು ಮದರಾಸಿನ ಒಂದು ಹೋಟೆಲಿನ ಮುಂದೆ, ಹೆಸರಿನಲ್ಲಿದ್ದ ಆ ಪದವನ್ನು ತೆಗೆಯಬೇಕೆಂದು ಚಳವಳಿ ಹೂಡಿದ್ದು ಸುಮ್ಮನೆ ಅಲ್ಲ. ಜಾತಿಯನ್ನು ದಾಟಿಸಲು ಜಾತಿಯನ್ನೇ ದೋಣಿಯಾಗಿ ಮಾಡಿಕೊಂಡ ವಿಚಿತ್ರ ಚರಿತ್ರೆ ನಮ್ಮ ಹೋಟೆಲುಗಳದ್ದು. ದೋಣಿ ದಡ ಸೇರಿದ ಮೇಲೆ ಎಷ್ಟೋ ಕಡೆ ಬೋರ್ಡು ತಾನಾಗಿ ಇಳಿಯಿತು, ಕೆಲವು ಕಡೆ ಇಳಿಸಬೇಕಾಯಿತು.

ಎಂ.ಟಿ.ಆರ್. ಎಂದರೆ ಜನ ರವೆ ಇಡ್ಲಿಯನ್ನು ನೆನೆಯುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ಅಲ್ಲಿ ಅದನ್ನು ಮಾಡತೊಡಗಿದರು ಎಂಬುದು ಅವರೇ ಹೇಳುವ ಕಥೆ. ನಾನು ನೆನೆಯುವುದು ಬೇರೆ ಎರಡು ಸಂಗತಿಗಳನ್ನು. ಒಂದು, ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಲು ಅಲ್ಲಿ ಅವಕಾಶವಿತ್ತು. ಇನ್ನೊಂದು, ತುರ್ತು ಪರಿಸ್ಥಿತಿಯ ಕಾಲದ್ದು. ಆಗ ಹೋಟೆಲು ತಿಂಡಿಗಳಿಗೆ ಸರಕಾರ ಕಡಿಮೆ ದರ ಕಟ್ಟಿತು. ಗುಣ ಇಳಿಸಿದರೆ ಅಷ್ಟಕ್ಕೇ ಮಾರಬಹುದಿತ್ತು. ಅವರು ಗುಣ ಇಳಿಸಲಿಲ್ಲ. ಅದೇ ದರಕ್ಕೆ ಮಾರಿ, ಆಗುತ್ತಿದ್ದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ಕೊನೆಗೆ ಕೆಲವು ಕಾಲ ಹೋಟೆಲನ್ನೇ ಮುಚ್ಚಿದರು. ಸಿದ್ಧಪಡಿಸಿದ ಹಿಟ್ಟು, ಪುಡಿಗಳ ಮಾರಾಟ ಬೆಳೆದದ್ದು ಆ ಸಂಕಟದಿಂದಲೇ. ದುಡ್ಡಿನ ಮೇಲಷ್ಟೇ ಕಣ್ಣಿಟ್ಟವರು ಹೀಗೆ ಮಾಡುವುದಿಲ್ಲ. ಅಜ್ಜಿ ಇದ್ದಿದ್ದರೆ ಈ ಒಂದು ಕಥೆಯನ್ನು ಅವಳಿಗೆ ಹೇಳುತ್ತಿದ್ದೆ.

ನಾನು ಹೇಳುವ ಎರಡನೆಯ ಹೆಸರು ಗಾಂಧಿಬಜಾರಿನ ವಿದ್ಯಾರ್ಥಿ ಭವನ, 1943ರದು. ಅಲ್ಲಿ ಶನಿವಾರ, ಭಾನುವಾರಗಳಂದು ಬೀದಿಯಲ್ಲೇ ಕಾಯಬೇಕು. ಗೋಡೆಯ ಮೇಲೆ ನಾಡಿನ ಸಾಹಿತಿಗಳ ರೇಖಾಚಿತ್ರಗಳು, ಸಪ್ಲೈಯರನ ಒಂದು ಕೈಯಲ್ಲಿ ದೋಸೆ ತಟ್ಟೆಗಳ ಗೋಪುರ. ಖಾಲಿ ಕುರ್ಚಿ ಎಲ್ಲಿದೆಯೋ ಅಲ್ಲಿ, ಯಾರು ಇದ್ದರೂ ಅವರ ಎದುರಿಗೆ, ನೀವು ಕೂರಲೇಬೇಕು. ಒಮ್ಮೆ ನನ್ನ ಎದುರಿಗೆ ಕುಳಿತವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದರು, ನಾನು ನೀರಿನ ಲೋಟವನ್ನು ಅವರ ಕಡೆ ಸರಿಸಿದೆ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಅವರು ಎದ್ದು ಹೋದ ಮೇಲೆ ನನಗೆ ಗೂಟದ ಲೋಟ ನೆನಪಾಯಿತು. 1983ರಲ್ಲಿ ಜಯನಗರದಲ್ಲಿ ಆರಂಭವಾಗಿ ಆಮೇಲೆ ಬೆಂಗಳೂರನ್ನೆಲ್ಲ ಹಬ್ಬಿದ ದರ್ಶಿನಿಗಳಲ್ಲಂತೂ ಕುರ್ಚಿಯೇ ಇಲ್ಲ. ಕಾರಿನಿಂದ ಇಳಿದವನೂ ಗಾರೆ ಕೆಲಸದವನೂ ಒಂದೇ ಕಟ್ಟೆಯ ಮೇಲೆ ತಟ್ಟೆ ಇಟ್ಟು ನಿಂತು ತಿನ್ನುತ್ತಾರೆ. ಕೂರುವ ಜಾಗ ಇಲ್ಲದಲ್ಲಿ, ಕೂರಬಾರದು ಎನ್ನುವ ಮಾತೂ ಇಲ್ಲ.

ಮುಂಬಯಿಗೆ ಹೋಗುವವರಿಗೆ ಮಾಟುಂಗಾ ರೈಲು ನಿಲ್ದಾಣದ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಹೇಳುತ್ತೇನೆ. ಅದು 1942ರಲ್ಲಿ ಆರಂಭವಾಯಿತು. ಮೆಟ್ಟಿಲು ಹತ್ತಿ ಹೋದರೆ ಬಾಳೆಲೆಯ ಊಟ. ಉದ್ದನೆಯ ಸಾಲಿನಲ್ಲಿ ಬಂದವರು ಬಂದಂತೆ ಕೂರುತ್ತಾರೆ. ಮರಾಠಿ, ಗುಜರಾತಿ, ತಮಿಳು ಎಲ್ಲದರ ನಡುವೆ ‘ಇನ್ನು ಸ್ವಲ್ಪ ಅನ್ನ ಹಾಕಲಾ?’ ಎಂಬ ಕನ್ನಡದ ದನಿ ಕಿವಿಗೆ ಬಿದ್ದಾಗ ನನ್ನಂಥ ಗಡಿನಾಡಿನವನಿಗೆ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಊಟ ಮುಗಿದು ಎಲೆ ಮಡಿಸುವಾಗ ನನಗನ್ನಿಸಿದ್ದು ಇದು: ಇದೂ ಪಂಕ್ತಿಯೇ. ಆದರೆ ಉಡುಪಿಯ ಹೆಸರು ಹೊತ್ತ ಈ ಪಂಕ್ತಿಯಲ್ಲಿ ನನ್ನ ಗೋತ್ರವನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಕೂಪನ್ನನ್ನು ಮಾತ್ರ.

ಇಂಡಿಯನ್ ಕಾಫಿ ಹೌಸಿನ ಬಗ್ಗೆ ನಿಮಗೆ ನಾನು ಹೇಳುವುದು ಎಂದರೆ ಸಮುದ್ರದವನಿಗೆ ಉಪ್ಪು ಮಾರಿದಂತೆ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಹೊರಟಾಗ, ಕಣ್ಣೂರಿನ ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ನೌಕರರೇ ಸಹಕಾರ ಸಂಘ ಕಟ್ಟಿಕೊಂಡರು. ಮೊದಲ ಸಂಘ ಬೆಂಗಳೂರಿನಲ್ಲಿ 1957ರಲ್ಲಿ. ಕೇರಳದಲ್ಲಿ 1958ರಲ್ಲಿ ತೃಶ್ಶೂರಿನಿಂದ ಶುರು. ಬೀಸಣಿಗೆಯಂಥ ತುರಾಯಿಯ ಪೇಟ ತೊಟ್ಟು ಕಾಫಿ ತಂದಿಡುವವನು ಆಳಲ್ಲ, ಆ ಹೋಟೆಲಿನ ಪಾಲುದಾರ. ಕೇರಳದ ಕಾಫಿ ಹೌಸಿನಲ್ಲಿ ಮಸಾಲೆ ದೋಸೆಯ ಒಳಗೆ ಬೀಟ್‌ರೂಟಿನ ಕೆಂಪು ಪಲ್ಯ ಕಂಡು ನಾನು ಮೊದಲು ಗಾಬರಿಯಾದೆ ಎಂಬುದು ನಿಜ. ಆದರೆ ಅಲ್ಲಿ ನನಗೆ ಹೊಳೆದ ವಿಷಯ ಪಲ್ಯದ್ದಲ್ಲ. ಒಳಗೆ ಯಾರು ಕೂರುತ್ತಾರೆ ಎಂಬುದನ್ನಷ್ಟೇ ನಾನು ಅಲ್ಲಿಯವರೆಗೆ ನೋಡುತ್ತಿದ್ದೆ. ಲೋಟ ತೊಳೆಯುವವರು ಯಾರು, ಅವರಿಗೆ ಏನು ಸಿಗುತ್ತದೆ ಎಂದು ನೋಡಿರಲಿಲ್ಲ. ನಮ್ಮ ಹೋಟೆಲುಗಳ ಹಿತ್ತಲಲ್ಲಿ ಶಾಲೆ ಬಿಟ್ಟ ಎಷ್ಟು ಹುಡುಗರು ಮುಸುರೆ ತಿಕ್ಕಿ ಬೆಳೆದರು! ಅಂಥವರಿಗಾಗಿಯೇ ಮುಂಬಯಿಯ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ಸರಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ನನ್ನ ತರಗತಿಯಿಂದಲೇ ಬೆಂಗಳೂರಿನ ಹೋಟೆಲುಗಳಿಗೆ ಹೋದ ಹುಡುಗರಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೆರೆ ಎಳೆದವನು ನಾನೇ.

ಹಾಗಾದರೆ ದುಡ್ಡು ಕೊಟ್ಟವನಿಗೆಲ್ಲ ಜಾಗ ಎಂಬ ನಿಯಮವೇ ಸಾಕೇ? ದುಡ್ಡಿದ್ದರೂ ಜಾಗ ಸಿಗದವರ ಚರಿತ್ರೆ ಉದ್ದವಾಗಿದೆ. ಅಮೆರಿಕದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಹೋದ ಅಂಬೇಡ್ಕರರು, ಹಿಂದೂಗಳ ಯಾವ ಹೋಟೆಲೂ ಸೇರಿಸುವುದಿಲ್ಲವೆಂದು ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು. ದುಡ್ಡು ಕೊಡುತ್ತಿದ್ದರೂ ದೊಣ್ಣೆ ಹಿಡಿದ ಜನ ಬಂದು ಅವರನ್ನು ಹೊರಗೆ ಹಾಕಿದರು. ಅದೇ ಅಮೆರಿಕದ ಗ್ರೀನ್ಸ್‌ಬರೋ ಎಂಬ ಊರಿನಲ್ಲಿ 1960ರ ಫೆಬ್ರವರಿ 1ರಂದು ನಾಲ್ವರು ಕಪ್ಪು ಜನಾಂಗದ ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯಲ್ಲಿ ಸಾಮಾನು ಕೊಂಡು, ಬಿಳಿಯರಿಗೆ ಮೀಸಲಾಗಿದ್ದ ತಿಂಡಿಯ ಕಟ್ಟೆಯ ಮುಂದೆ ಕುಳಿತು ಕಾಫಿ ಕೇಳಿದರು. ಸಾಮಾನಿಗೆ ಅವರ ದುಡ್ಡು ಆಗುತ್ತಿತ್ತು, ಕಾಫಿಗೆ ಆಗುತ್ತಿರಲಿಲ್ಲ. ಅವರು ಎದ್ದು ಹೋಗಲಿಲ್ಲ. ದಿನದಿಂದ ದಿನಕ್ಕೆ ಜೊತೆಗಾರರು ಹೆಚ್ಚಿದರು. ಜುಲೈ ತಿಂಗಳಲ್ಲಿ ಆ ಕಟ್ಟೆ ಎಲ್ಲರಿಗೂ ತೆರೆಯಿತು. ನಾನು ಗಾಜಿನ ಲೋಟದಲ್ಲಿ ಟೀ ಕುಡಿದದ್ದು ಇದಾದ ನಾಲ್ಕು ವರ್ಷಕ್ಕೆ. ಅವರು ಹದಿಹರೆಯದ ಕಾಲೇಜು ಹುಡುಗರು, ನನ್ನ ವಯಸ್ಸು ಹನ್ನೊಂದು. ವಯಸ್ಸಿನ ನೆಪವನ್ನು ನಾನು ಹೇಳಿಕೊಳ್ಳಬಹುದು. ಆದರೆ ಆಮೇಲೆ ನನಗೂ ಹದಿನೆಂಟು ತುಂಬಿತು.

ಜಾತಿಯನ್ನು ಎಳ್ಳಷ್ಟೂ ಕೇಳದ ಜಾಗವೊಂದು ನಮ್ಮೂರ ಸೀಮೆಯಲ್ಲಿ ಆಗಲೂ ಇತ್ತು. ಅದು ಸಾರಾಯಿ ಅಂಗಡಿ. ಅಲ್ಲಿ ಕುಡಿಯುವಾಗ ಯಾರ ಪಕ್ಕ ಯಾರು ಎಂಬ ವಿಚಾರವಿರಲಿಲ್ಲ. ಹಾಗೆಂದು ಅದನ್ನು ಸಮತೆಯ ಮಂದಿರ ಎನ್ನಲಾದೀತೇ? ಆ ಸಮತೆಯ ಬಿಲ್ಲನ್ನು ಕಟ್ಟುತ್ತಿದ್ದವರು ಮನೆಯಲ್ಲಿದ್ದ ಹೆಂಗಸರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು, ಸಾಕ್ಷರತೆಯ ತರಗತಿಯಲ್ಲಿ ಕಲಿತ ನಾಲ್ಕು ಅಕ್ಷರಗಳ ಧೈರ್ಯದಿಂದ, ತಮ್ಮೂರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಆ ಕಿಡಿ ಆಂಧ್ರದಲ್ಲೆಲ್ಲ ಹಬ್ಬಿತು. 1993ರಲ್ಲಿ ಸಾರಾಯಿ ನಿಂತಿತು. 1995ರ ಜನವರಿಯಲ್ಲಿ ಪೂರ್ತಿ ಪಾನನಿಷೇಧವೇ ಬಂತು. ಆದರೆ ನಮ್ಮದು ಗಡಿ. ಬೊಮ್ಮನಹಾಳ್ ದಾಟಿ ಆಚೆ ಹೋದರೆ ಕರ್ನಾಟಕ, ಅಲ್ಲಿ ಎಲ್ಲವೂ ತೆರೆದಿತ್ತು. ಸಂಜೆಯ ಬಸ್ಸಿನಲ್ಲಿ ಗಂಡಸರು ತುಂಬಿಕೊಂಡು ಹೋಗುತ್ತಿದ್ದರು. ಕನ್ನಡ ಕಲಿಯಲು ಮಕ್ಕಳನ್ನು ಗಡಿಯಾಚೆ ಕಳಿಸಲು ದುಡ್ಡಿಲ್ಲ ಎನ್ನುತ್ತಿದ್ದವರೂ ಆ ಬಸ್ಸಿನಲ್ಲಿ ಇರುತ್ತಿದ್ದರು. 1997ರಲ್ಲಿ ನಿಷೇಧ ಸಡಿಲವಾಯಿತು, ಬಸ್ಸು ಖಾಲಿಯಾಯಿತು. ಕರ್ನಾಟಕದಲ್ಲೂ 2007ರಲ್ಲಿ ಸಾರಾಯಿ ನಿಂತಿತು. ಇದರಿಂದ ನಾನು ಕಲಿತದ್ದು ಇಷ್ಟು: ‘ನೀನು ಯಾರು’ ಎಂದು ಕೇಳದಿರುವುದೊಂದೇ ಸಾಲದು. ನಮ್ಮಜ್ಜಿ ಹೇಳಿದ ಹಾಗೆ, ಬಂದವನ ಹೊಟ್ಟೆಯ ಮೇಲೂ, ಅವನ ಮನೆಯವರ ಹೊಟ್ಟೆಯ ಮೇಲೂ ಕಣ್ಣಿರಬೇಕು. ಅಜ್ಜಿಯ ಮಾತಿನ ಅರ್ಧ ಸರಿಯಾಗಿಯೇ ಇತ್ತು.

ಉಳಿದ ಅರ್ಧವನ್ನು ಗೆಳೆಯ ತಿದ್ದಿದ. ಅವನಿಗೆ ರೈಲ್ವೆಯಲ್ಲಿ ಕೆಲಸವಾಗಿತ್ತು. ನಾನು ಮೇಷ್ಟರಾದ ಮೇಲೆ ಅವನು ನನ್ನನ್ನು ‘ಮೇಷ್ಟ್ರೇ, ನೀವು’ ಎನ್ನತೊಡಗಿದ. ನಾನು ಅವನನ್ನು ‘ನೀನು’ ಎನ್ನುತ್ತಲೇ ಇದ್ದೆ. 1980ರ ಸುಮಾರಿಗೆ ಬಳ್ಳಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕ. ಇಬ್ಬರೂ ಒಂದು ಹೋಟೆಲಿಗೆ ಹೋಗಿ ಎದುರು ಬದುರಾಗಿ ಕುಳಿತು ತಿಂಡಿ ತಿಂದೆವು. ಒಂದೇ ಥರದ ಸ್ಟೀಲ್ ಲೋಟಗಳು ಬಂದವು. ನನಗೆ ಸಂತೋಷವಾಯಿತು. ನನ್ನ ಮಟ್ಟಿಗೆ ಹಳೆಯ ಲೆಕ್ಕ ತೀರಿತು ಎನ್ನಿಸಿತು. ಬಿಲ್ಲನ್ನು ಅವನೇ ಕೊಟ್ಟ. ಹೊರಗೆ ಬಂದು ಎಲೆ ಅಡಿಕೆ ಹಾಕಿಕೊಳ್ಳುತ್ತ ನಕ್ಕು ಹೇಳಿದ: ‘ಹೋಟ್ಲಾಗ ಒಂದಾದ್ವಿ ಬಿಡ್ರಿ ಮೇಷ್ಟ್ರೇ. ಇದು ನಿಮ್ಮ ಮನೀನೂ ಅಲ್ಲ, ನಮ್ಮ ಮನೀನೂ ಅಲ್ಲ.’

ಅವನು ಚುಚ್ಚಿ ಹೇಳಲಿಲ್ಲ. ಅದಕ್ಕೇ ಅದು ಇನ್ನೂ ಚುಚ್ಚುತ್ತದೆ. ನಾವು ಹೋಟೆಲಿನಲ್ಲಿ ಯಾರ ಜೊತೆಯಲ್ಲೂ ಕೂರುತ್ತೇವೆ, ಏಕೆಂದರೆ ಅಲ್ಲಿ ಯಾರನ್ನೂ ನಾವು ಕರೆದಿರುವುದಿಲ್ಲ. ಎದ್ದು ಕೈ ತೊಳೆದರೆ ಸಂಬಂಧ ಮುಗಿಯಿತು. ಬೆಲೆ ಕೊಟ್ಟವನು ಯಾರ ಹಂಗಿನಲ್ಲೂ ಇಲ್ಲ. ಇದು ಹೋಟೆಲಿನ ದೊಡ್ಡತನ. ಯಾರ ಹಂಗೂ ಬೇಡವೆನ್ನುವವನಿಗೆ ಯಾರನ್ನೂ ಕರೆಯಬೇಕಾಗಿಲ್ಲ. ಇದು ಅದು ನಮಗೆ ಕೊಟ್ಟ ಸುಲಭದ ದಾರಿ. ಹೋಟೆಲು ಮಾಡಬೇಕಾದ ಕೆಲಸವನ್ನು ಅದು ಮಾಡಿತು. ಮನೆ ಮಾಡಬೇಕಾದ ಕೆಲಸವನ್ನೂ ಅದರ ತಲೆಗೇ ಕಟ್ಟಿ ನಾವು ಹಾಯಾಗಿದ್ದೆವು. ‘ಅವ್ವ ಇದ್ದಾಳೆ, ಅವಳ ಕಾಲ ಆಗಲಿ’ ಎಂದುಕೊಂಡೆ. ಅವ್ವನ ಕಾಲವಾಯಿತು. ‘ಮಗಳ ಮದುವೆ ಆಗಲಿ’ ಎಂದುಕೊಂಡೆ. ಮದುವೆಗೆ ಅವನು ಬಂದ. ಛತ್ರದಲ್ಲಿ ಎಲ್ಲರ ಸಾಲಿನಲ್ಲೇ ಉಂಡ. ಅಡಿಗೆ ಗುತ್ತಿಗೆಯವರದ್ದು, ಬಡಿಸಿದವರು ಕೂಲಿಯವರು. ಅದೂ ಒಂದು ಹೋಟೆಲೇ ಆಗಿತ್ತು.

ಕೊನೆಗೆ ಅವನನ್ನು ಮನೆಗೆ ಊಟಕ್ಕೆ ಕರೆದೆ. ಆಗ ಇಬ್ಬರಿಗೂ ಅರವತ್ತು ದಾಟಿತ್ತು. ಬಂದ. ನಡುಮನೆಯಲ್ಲಿ ಕುಳಿತ. ನನ್ನ ಹೆಂಡತಿ ಹೋಳಿಗೆ ಮಾಡಿದ್ದಳು. ಅವನು ಎಲೆಯನ್ನು ನೋಡಿ, ‘ತಂಗೀ, ಸಕ್ಕರೆ ಕಾಯಿಲೆ ಬಂದೈತಮ್ಮ. ಅನ್ನನೂ ಡಾಕ್ಟ್ರು ಬಿಡಿಸ್ಯಾರ’ ಎಂದ. ಅರ್ಧ ರೊಟ್ಟಿ ತಿಂದು ಒಂದು ಲೋಟ ಮಜ್ಜಿಗೆ ಕುಡಿದ. ಕುಡಿದಾದ ಮೇಲೆ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು, ಬಚ್ಚಲು ಎಲ್ಲಿ ಎಂದು ಸುತ್ತ ನೋಡಿದ. ಐವತ್ತು ವರ್ಷದ ಅಭ್ಯಾಸ. ನಾನು ಆ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡೆ. ಇಬ್ಬರೂ ಏನೂ ಮಾತಾಡಲಿಲ್ಲ.

ಅನ್ನ ಮಾರುವುದು ಪಾಪವೇ ಎಂದು ಈಗ ಯಾರಾದರೂ ಕೇಳಿದರೆ, ಅಲ್ಲ ಎನ್ನುತ್ತೇನೆ. ಶುಚಿಯಾಗಿ, ಒಂದೇ ಬೆಲೆಗೆ, ಒಂದೇ ಲೋಟದಲ್ಲಿ, ದುಡಿಯುವವರ ಹೊಟ್ಟೆ ಹೊಡೆಯದೆ ಮಾರಿದ ಅನ್ನ, ‘ನೀನು ಯಾರು’ ಎಂದು ಕೇಳಿ ಕೊಟ್ಟ ಅನ್ನಕ್ಕಿಂತ ಮೇಲು. ಆದರೆ ಮಾರುವವರಿಂದ ನಾವು ಕಲಿತ ಪಾಠವನ್ನು ಮನೆಗೆ ತರದೆ ಹೋದರೆ, ಆ ಪಾಪ ಮಾರಿದವರದ್ದಲ್ಲ.

ಹೋದ ತಿಂಗಳು ನೆಂಟರ ಹುಡುಗನೊಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೊರಟು ನಿಂತು, ‘ಅಜ್ಜ, ಅಲ್ಲಿ ಯಾವ ಹೋಟೆಲು ಚೆನ್ನಾಗಿದೆ?’ ಎಂದು ಕೇಳಿದ. ಎಂದಿನಂತೆ ಹೆಸರುಗಳನ್ನು ಹೇಳಿದೆ. ಅವನು ಬರೆದುಕೊಂಡ. ‘ಅಲ್ಲಿ ಜೊತೆಯಲ್ಲಿ ತಿಂಡಿ ತಿನ್ನುವ ಗೆಳೆಯರು ಸಿಗುತ್ತಾರೆ. ಹಬ್ಬಕ್ಕೆ ಬರುವಾಗ ಅವರಲ್ಲಿ ಒಬ್ಬರನ್ನಾದರೂ ಮನೆಗೆ ಕರೆದುಕೊಂಡು ಬಾ’ ಎಂದೆ. ‘ಯಾರನ್ನ ಅಜ್ಜ?’ ಎಂದ. ‘ಯಾರನ್ನಾದರೂ’ ಎಂದೆ. ಅವನು ತನ್ನ ತಾಯಿಯ ಮುಖ ನೋಡಿದ.